ಗೆರೆ ಎಳೆದವನದೇ ಗೆಲುವು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೊ ನಗರದಲ್ಲಿ ‘ಎ ಅಂಡ್ ಟಿ’ ಎಂದು ಎಲ್ಲರೂ ಕರೆಯುವ ವಿಶ್ವವಿದ್ಯಾಲಯವಿದೆ. ಕಪ್ಪು ವರ್ಣೀಯರ ಶಿಕ್ಷಣಕ್ಕೆಂದೇ ಹುಟ್ಟಿದ ಆ ದೇಶದ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಇದೇ ದೊಡ್ಡದು. 1960ರ ಫೆಬ್ರುವರಿ 1ರಂದು ಇಲ್ಲಿನ ಮೊದಲ ವರ್ಷದ ನಾಲ್ವರು ಹುಡುಗರು ಪೇಟೆಯ ವೂಲ್‌ವರ್ತ್ ಅಂಗಡಿಗೆ ಹೋಗಿ, ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಕೌಂಟರಿನಲ್ಲಿ ಕುಳಿತರು. ಕೊಡುವುದಿಲ್ಲ ಎಂದರೂ ಏಳಲಿಲ್ಲ. ಆ ಧರಣಿ ದಕ್ಷಿಣದ ಊರೂರಿಗೆ ಹಬ್ಬಿತು. ಹಾಗಾಗಿ ಹಕ್ಕು ಎಂದರೆ ಏನೆಂದು ಈ ಕ್ಯಾಂಪಸ್ಸಿಗೆ ಯಾರೂ ಪಾಠ ಹೇಳಬೇಕಿಲ್ಲ.

ಕ್ಯಾಂಪಸ್ಸಿನ ನಡುವೆ ಲಾರೆಲ್ ಸ್ಟ್ರೀಟ್ ಎಂಬ ರಸ್ತೆ ಹಾದುಹೋಗುತ್ತದೆ. 2016ರಲ್ಲಿ ರಾಜ್ಯದ ಶಾಸಕಾಂಗ ಸಂಸತ್ ಕ್ಷೇತ್ರಗಳ ಹೊಸ ನಕ್ಷೆ ಮಾಡಿದಾಗ ಗಡಿಗೆರೆ ಸರಿಯಾಗಿ ಆ ರಸ್ತೆಯ ಮೇಲೆ ಬಿತ್ತು. ಒಂದು ಬದಿ 6ನೇ ಕ್ಷೇತ್ರ, ಎದುರು ಬದಿ 13ನೇ ಕ್ಷೇತ್ರ. ಹಾಸ್ಟೆಲ್ ಬದಲಿಸಿ ರಸ್ತೆ ದಾಟಿದ ವಿದ್ಯಾರ್ಥಿಗೆ ಸಂಸದರೂ ಬದಲಾಗುತ್ತಿದ್ದರು. ಬಹುಪಾಲು ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುವ ಈ ಯುವಜನ ಎರಡು ಹೋಳಾಗಿ, ಸುತ್ತಲಿನ ರಿಪಬ್ಲಿಕನ್ ಒಲವಿನ ಪ್ರದೇಶಗಳಲ್ಲಿ ಕರಗಿಹೋದರು. ಎರಡೂ ಕ್ಷೇತ್ರಗಳನ್ನು ಗೆದ್ದದ್ದು ರಿಪಬ್ಲಿಕನ್ ಅಭ್ಯರ್ಥಿಗಳೇ.

ಇದಕ್ಕೆ ಅಲ್ಲಿ ಗೆರಿಮ್ಯಾಂಡರಿಂಗ್ ಎನ್ನುತ್ತಾರೆ. ಮತ ಕದಿಯುವುದು, ಬೂತ್ ಹಿಡಿಯುವುದು, ಹಣ ಹಂಚುವುದು ಯಾವುದೂ ಇದರಲ್ಲಿಲ್ಲ. ಎಲ್ಲರೂ ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ, ಎಣಿಕೆಯೂ ಪ್ರಾಮಾಣಿಕವಾಗಿಯೇ ನಡೆಯುತ್ತದೆ. ಫಲಿತಾಂಶ ಮಾತ್ರ ಅದಕ್ಕಿಂತ ಮುಂಚೆ, ನಕ್ಷೆ ಹರಡಿದ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ.

2016ರ ಆ ನಕ್ಷೆಯ ಹಿಂದಿನ ಕಥೆ ಸ್ವಾರಸ್ಯದ್ದು. 2011ರಲ್ಲಿ ಮಾಡಿದ್ದ ಹಿಂದಿನ ನಕ್ಷೆಯ ಎರಡು ಕ್ಷೇತ್ರಗಳನ್ನು ಫೆಡರಲ್ ನ್ಯಾಯಾಲಯ ರದ್ದು ಮಾಡಿತ್ತು. ಜನಾಂಗ ನೋಡಿ ಗೆರೆ ಎಳೆದಿದ್ದೀರಿ, ಇದು ಸಂವಿಧಾನಬಾಹಿರ ಎಂಬುದು ಅದರ ಆಕ್ಷೇಪ. ಹಾಗಾದರೆ ಪಕ್ಷ ನೋಡಿ ಎಳೆದರೆ? ಅದನ್ನು ತಡೆಯುವ ತೀರ್ಪು ಯಾವುದೂ ಇರಲಿಲ್ಲ. ಅದಕ್ಕೇ ಈ ಸಲ ಆಳುವ ರಿಪಬ್ಲಿಕನ್ ಪಕ್ಷದವರು ಮುಚ್ಚುಮರೆ ಮಾಡಲಿಲ್ಲ. ಮರುವಿಂಗಡಣೆ ಸಮಿತಿಯ ನೇತೃತ್ವ ವಹಿಸಿದ್ದ ಶಾಸಕ ಡೇವಿಡ್ ಲೂಯಿಸ್ ಸಭೆಯಲ್ಲೇ ಹೇಳಿದರು: 13 ಸ್ಥಾನಗಳಲ್ಲಿ ಹತ್ತು ನಮಗೆ, ಮೂರು ಅವರಿಗೆ ಬರುವಂತೆ ನಕ್ಷೆ ಮಾಡೋಣ, ಹನ್ನೊಂದು-ಎರಡು ಮಾಡಲು ಸಾಧ್ಯವೆಂದು ತೋರದ ಕಾರಣ ಹತ್ತು-ಮೂರು ಎನ್ನುತ್ತಿದ್ದೇನೆ. ನಮ್ಮಲ್ಲಿ ಇಂಥ ಮಾತನ್ನು ಯಾರಾದರೂ ಆಡಿದರೆ ಅದು ಬಾಯ್ತಪ್ಪಿ ಬಂದದ್ದಾಗಿರುತ್ತಿತ್ತು. ಇಲ್ಲಿ ಅದು ಕಾನೂನಿನ ರಕ್ಷಣೆಗಾಗಿ ಬೇಕೆಂದೇ ದಾಖಲಾದ ಮಾತು: ನಾವು ಮಾಡಿದ್ದು ಜನಾಂಗಭೇದವಲ್ಲ, ಬರೀ ರಾಜಕೀಯ! ಆ ವರ್ಷದ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಬಂದದ್ದು ಸುಮಾರು 53% ಮತ. ಸ್ಥಾನ ಹದಿಮೂರರಲ್ಲಿ ಹತ್ತು, ಹೇಳಿ ಮಾಡಿಸಿದ ಹಾಗೆ.

ಈ ಕೈಚಳಕಕ್ಕೆ ಇನ್ನೂರು ವರ್ಷ ದಾಟಿದೆ. 1812ರ ಫೆಬ್ರುವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯಪಾಲರಾಗಿದ್ದ ಎಲ್‌ಬ್ರಿಜ್ ಗೆರಿ, ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ರಾಜ್ಯ ಸೆನೆಟ್ ಕ್ಷೇತ್ರಗಳನ್ನು ಬದಲಿಸುವ ಮಸೂದೆಗೆ ಸಹಿ ಹಾಕಿದರು. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರ ಉದ್ದಕ್ಕೆ ಬಳುಕಿ, ಕುತ್ತಿಗೆ ಚಾಚಿದ ಪ್ರಾಣಿಯಂತೆ ಕಾಣುತ್ತಿತ್ತು. ಮಾರ್ಚ್ 26ರ ‘ಬೋಸ್ಟನ್ ಗೆಜೆಟ್’ ಪತ್ರಿಕೆ ಆ ನಕ್ಷೆಗೆ ರೆಕ್ಕೆ, ಉಗುರು, ಕೋರೆಹಲ್ಲು ಬರೆದು ವ್ಯಂಗ್ಯಚಿತ್ರ ಮಾಡಿತು. ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಜೀವಿಯ ಹೆಸರಿಗೆ ರಾಜ್ಯಪಾಲರ ಹೆಸರು ಅಂಟಿಕೊಂಡಿತು. ಆ ವರ್ಷದ ಸೆನೆಟ್ ಚುನಾವಣೆಯಲ್ಲಿ ಗೆರಿ ಅವರ ಪಕ್ಷಕ್ಕೆ 50,164 ಮತ, ಎದುರಾಳಿ ಫೆಡರಲಿಸ್ಟರಿಗೆ 51,766. ಸ್ಥಾನ ಮಾತ್ರ 40ರಲ್ಲಿ 29 ಗೆರಿ ಪಕ್ಷದ ಪಾಲು. ರಾಜ್ಯಪಾಲರ ಚುನಾವಣೆಗೆ ಇಡೀ ರಾಜ್ಯವೇ ಒಂದು ಕ್ಷೇತ್ರ, ಅಲ್ಲಿ ಗೆರೆಯ ಆಟ ನಡೆಯುವುದಿಲ್ಲವಲ್ಲ, ಗೆರಿ ಸ್ವತಃ ಸೋತರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು, ಮುಂದೆ ಉಪಾಧ್ಯಕ್ಷರೂ ಆದವರು. ಆದರೆ ಲೋಕ ನೆನಪಿಟ್ಟದ್ದು ಆ ಒಂದು ಸಹಿಯನ್ನು. ಆ ಮಸೂದೆ ಅವರಿಗೇ ಅಷ್ಟಾಗಿ ಇಷ್ಟವಿರಲಿಲ್ಲ ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪಾಪ ಅನ್ನಬೇಕೋ ಬೇಡವೋ ತಿಳಿಯುವುದಿಲ್ಲ.

ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಣ್ಣ ಅಂಕಿಗಳಲ್ಲಿ ನೋಡೋಣ. ಒಂದು ರಾಜ್ಯದಲ್ಲಿ 500 ಮತದಾರರು, 100 ಜನರಿಗೊಂದರಂತೆ ಐದು ಕ್ಷೇತ್ರ. ಎ ಪಕ್ಷದ ಬೆಂಬಲಿಗರು 300, ಬಿ ಪಕ್ಷದವರು 200. ಪ್ರತಿ ಕ್ಷೇತ್ರದಲ್ಲೂ 60-40 ಬರುವಂತೆ ಗೆರೆ ಎಳೆದರೆ ಐದಕ್ಕೆ ಐದೂ ಎ ಪಕ್ಷಕ್ಕೆ. ಬಿ ಪಕ್ಷದ ಇನ್ನೂರು ಜನರಿಗೆ ಒಬ್ಬ ಪ್ರತಿನಿಧಿಯೂ ಇಲ್ಲ. ಈಗ ಪೆನ್ಸಿಲ್ ಬಿ ಪಕ್ಷದ ಕೈಗೆ ಕೊಡಿ. ಅವರು ಮೂರು ಕ್ಷೇತ್ರಗಳಲ್ಲಿ ತಮ್ಮವರು 55, ಎ ಪಕ್ಷದವರು 45 ಇರುವಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ಖರ್ಚಾದ ತಮ್ಮ ಜನ 165. ಉಳಿದ 35 ಜನರನ್ನು ಇನ್ನೆರಡು ಕ್ಷೇತ್ರಗಳಿಗೆ ಬಿಟ್ಟುಬಿಡುತ್ತಾರೆ. ಅಲ್ಲಿ ಎ ಪಕ್ಷ 165 ಮತ ಪಡೆದು ಭರ್ಜರಿಯಾಗಿ ಗೆಲ್ಲುತ್ತದೆ. ಗೆಲ್ಲಲಿ, ಬೇಕಾದ್ದೇ ಅದು. ಎದುರಾಳಿಯ ಮತಗಳನ್ನು ಎರಡು ಕ್ಷೇತ್ರಗಳಲ್ಲಿ ಒತ್ತಿ ತುಂಬಿದ್ದಾಯಿತು, ಉಳಿದ ಕಡೆ ಒಡೆದು ಚದುರಿಸಿದ್ದಾಯಿತು. 40% ಜನಬೆಂಬಲದ ಪಕ್ಷಕ್ಕೆ ಐದರಲ್ಲಿ ಮೂರು ಸ್ಥಾನ, ಅಂದರೆ ಸರ್ಕಾರ. ಅದೇ ಜನ, ಅದೇ ಮನೆ, ಅದೇ ಮತ.

ಸೋತವರಿಗೆ ಬಿದ್ದ ಮತವೂ, ಗೆದ್ದವರಿಗೆ ಬೇಕಾದ್ದಕ್ಕಿಂತ ಹೆಚ್ಚಾಗಿ ಬಿದ್ದ ಮತವೂ ಈ ಲೆಕ್ಕದಲ್ಲಿ ವ್ಯರ್ಥ. ನಕ್ಷೆ ಮಾಡುವವರ ಜಾಣತನವೆಂದರೆ ಎದುರಾಳಿಯ ವ್ಯರ್ಥ ಮತಗಳನ್ನು ಹೆಚ್ಚಿಸುವುದು, ತಮ್ಮದನ್ನು ಆದಷ್ಟು ತಗ್ಗಿಸುವುದು. ಅತಿಯಾಸೆ ಮಾಡಿದರೆ ಇದೂ ತಿರುಗುಬಾಣವಾಗುತ್ತದೆ. 55-45ರ ಅಂತರ ತೆಳು. ಒಂದು ವರ್ಷ ಗಾಳಿ ಬೇರೆ ಕಡೆ ಬೀಸಿದರೆ ಮೂರಕ್ಕೆ ಮೂರೂ ಕೈತಪ್ಪುತ್ತವೆ.

ಹಿಂದೆಲ್ಲ ಕಳ್ಳತನ ಕಣ್ಣಿಗೆ ಕಾಣುತ್ತಿತ್ತು. ಪೆನ್ಸಿಲ್ವೇನಿಯಾದ 2011ರ ನಕ್ಷೆಯಲ್ಲಿ 7ನೇ ಕ್ಷೇತ್ರವನ್ನು ಜನ ‘ಡೊನಾಲ್ಡ್ ಡಕ್‌ಗೆ ಒದೆಯುತ್ತಿರುವ ಗೂಫಿ’ ಎಂದು ಕರೆದು ನಗುತ್ತಿದ್ದರು. ಒಂದು ಕಡೆ ಆ ಕ್ಷೇತ್ರದ ಅಗಲ ಒಂದು ರೆಸ್ಟೋರೆಂಟಿನಷ್ಟೇ ಇತ್ತು; ಆ ಹೋಟೆಲಿನ ಜಾಗವೇ ಕ್ಷೇತ್ರದ ಎರಡು ತುಂಡುಗಳಿಗೆ ಸೇತುವೆ. 2012ರಲ್ಲಿ ಆ ರಾಜ್ಯದಲ್ಲಿ ಡೆಮಾಕ್ರಟರಿಗೆ ಹೆಚ್ಚು ಮತ ಬಂದರೂ 18 ಸ್ಥಾನಗಳಲ್ಲಿ ದಕ್ಕಿದ್ದು ಐದು. 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ನಕ್ಷೆಯನ್ನು ಹರಿದು ಹಾಕಿ ಹೊಸದು ಮಾಡಿಸಿತು. ಅದೇ ವರ್ಷದ ಚುನಾವಣೆಯಲ್ಲಿ ಒಂಬತ್ತು-ಒಂಬತ್ತು ಬಂತು.

ಆದರೆ ಆಕಾರ ನೋಡಿ ತೀರ್ಪು ಕೊಡುವ ಕಾಲ ಹೋಯಿತು. ಈಗ ನಕ್ಷೆ ಮಾಡುವವರ ಕಂಪ್ಯೂಟರಿನಲ್ಲಿ ಪ್ರತಿ ಬೀದಿಯ ಜನಗಣತಿ, ಪ್ರತಿ ಮತಗಟ್ಟೆಯ ಹಳೆಯ ಫಲಿತಾಂಶ, ಎಷ್ಟೋ ರಾಜ್ಯಗಳಲ್ಲಿ ಮತದಾರ ನೋಂದಾಯಿಸಿಕೊಂಡಿರುವ ಪಕ್ಷದ ಹೆಸರು ಎಲ್ಲವೂ ಇರುತ್ತವೆ. ಗೆರೆಯನ್ನು ಒಂದು ಬೀದಿ ಆಚೆ ಸರಿಸಿದರೆ ಮತಗಳ ಅಂತರ ಎಷ್ಟು ಬದಲಾಗುತ್ತದೆ ಎಂಬುದು ಪರದೆಯ ಮೇಲೆ ಆ ಕ್ಷಣವೇ ಮೂಡುತ್ತದೆ. ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಒತ್ತುವವನನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲರು. ಬದು ನೇರವಾಗಿಯೇ ಇರುತ್ತದೆ, ಪಹಣಿ ತೆಗೆದು ಅಳೆಯುವವರೆಗೆ ಏನೂ ಗೊತ್ತಾಗುವುದಿಲ್ಲ. ನಾರ್ತ್ ಕೆರೊಲಿನಾದ 2016ರ ನಕ್ಷೆ ಅಂಥದ್ದೇ. ಅದರ ಕ್ಷೇತ್ರಗಳು ಹಿಂದಿನವಕ್ಕಿಂತ ಎಷ್ಟೋ ಅಚ್ಚುಕಟ್ಟಾಗಿದ್ದವು.

ಅದನ್ನು ಬರೆದವರು ಥಾಮಸ್ ಹಾಫೆಲರ್. ದಶಕಗಳ ಕಾಲ ರಿಪಬ್ಲಿಕನ್ ಪಕ್ಷಕ್ಕೆ ನಕ್ಷೆ ಮಾಡಿಕೊಟ್ಟ ತಜ್ಞ. ಈ ಕೆಲಸ ಮಾಡುವಾಗ ಇಮೇಲ್ ಬರೆಯುವ ಮುನ್ನ ಎಚ್ಚರ ಎಂದು ಶಾಸಕರಿಗೆ ಪಾಠ ಹೇಳುತ್ತಿದ್ದವರು. 2018ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಹಾರ್ಡ್‌ಡ್ರೈವ್‌ಗಳು ಮಗಳ ಕೈಗೆ ಸಿಕ್ಕವು. ಆಕೆ ಅವನ್ನು ತಂದೆಯ ನಕ್ಷೆಗಳ ವಿರುದ್ಧ ದಾವೆ ಹೂಡಿದ್ದವರ ವಕೀಲರಿಗೆ ಒಪ್ಪಿಸಿದರು!

ನ್ಯಾಯಾಲಯ ಏನು ಮಾಡುತ್ತಿತ್ತು ಎಂದು ಕೇಳಬಹುದು. 1962ಕ್ಕೆ ಮುಂಚೆ ಅಮೆರಿಕದ ಸುಪ್ರೀಂ ಕೋರ್ಟ್ ಈ ವಿಷಯಕ್ಕೆ ಕೈ ಹಾಕಲು ಹಿಂಜರಿಯುತ್ತಿತ್ತು. ಟೆನ್ನೆಸ್ಸೀ ರಾಜ್ಯ 1901ರ ಮೇಲೆ ಕ್ಷೇತ್ರಗಳನ್ನು ಬದಲಿಸಿಯೇ ಇರಲಿಲ್ಲ. ಊರು ಬೆಳೆದು ನಗರವಾದರೂ ಸ್ಥಾನಗಳು ಹಳ್ಳಿಗಾಡಿನಲ್ಲೇ ಉಳಿದಿದ್ದವು. ಇದರ ವಿರುದ್ಧ ಹೂಡಿದ ಮೊಕದ್ದಮೆಯಿಂದ 1962ರಲ್ಲಿ ಬಾಗಿಲು ತೆರೆಯಿತು. 1964ರ ಹೊತ್ತಿಗೆ ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕು ಎಂಬ ನಿಯಮ ಬಂತು. ಒಳ್ಳೆಯ ನಿಯಮ. ಅದರ ಬೆನ್ನಲ್ಲೇ ಒಂದು ಅಡ್ಡಪರಿಣಾಮವೂ ಬಂತು: ಹತ್ತು ವರ್ಷಕ್ಕೊಮ್ಮೆ, ಪ್ರತಿ ಜನಗಣತಿಯಾದ ಮೇಲೆ, ನಕ್ಷೆಯನ್ನು ಬದಲಿಸಲೇಬೇಕಾಯಿತು. ಬದಲಿಸುವವರು ಯಾರು? ಹೆಚ್ಚಿನ ರಾಜ್ಯಗಳಲ್ಲಿ, ಆಗ ಅಧಿಕಾರದಲ್ಲಿರುವ ಶಾಸಕರೇ. 2010ರಲ್ಲಿ ರಿಪಬ್ಲಿಕನ್ನರು ‘ರೆಡ್‌ಮ್ಯಾಪ್’ ಎಂಬ ಹೆಸರಿನಲ್ಲಿ ರಾಜ್ಯ ಶಾಸಕಾಂಗಗಳ ಚುನಾವಣೆಗೆ ಹಣ ಸುರಿದದ್ದು ಇದೇ ಲೆಕ್ಕಾಚಾರದಿಂದ. ಆ ವರ್ಷ ಗೆದ್ದವರ ಕೈಗೆ ಮುಂದಿನ ಹತ್ತು ವರ್ಷದ ಪೆನ್ಸಿಲ್.

ಇದು ಒಂದೇ ಪಕ್ಷದ ಪಾಪ ಎಂದುಕೊಂಡರೆ ತಪ್ಪು. ಮೇರಿಲ್ಯಾಂಡ್‌ನಲ್ಲಿ ಡೆಮಾಕ್ರಟರ ಆಡಳಿತವಿತ್ತು. ಅಲ್ಲಿನ ಗುಡ್ಡಗಾಡಿನ 6ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಸಂಸದ ರಾಸ್ಕೊ ಬಾರ್ಟ್ಲೆಟ್ ಇಪ್ಪತ್ತು ವರ್ಷದಿಂದ ಗೆಲ್ಲುತ್ತಿದ್ದರು. 2011ರಲ್ಲಿ ಜನಸಂಖ್ಯೆ ಸರಿದೂಗಿಸಲು ಆ ಕ್ಷೇತ್ರದಿಂದ ಸುಮಾರು 10 ಸಾವಿರ ಜನರನ್ನು ಹೊರಗೆ ಸರಿಸಿದ್ದರೆ ಸಾಕಿತ್ತು. ಆಳುವವರು ಸರಿಸಿದ್ದು ಸುಮಾರು 3.6 ಲಕ್ಷ, ಒಳಗೆ ತಂದದ್ದು ರಾಜಧಾನಿ ವಾಷಿಂಗ್ಟನ್ ಮಗ್ಗುಲಿನ ಉಪನಗರಗಳ ಸುಮಾರು 3.5 ಲಕ್ಷ. ಮುಂದಿನ ವರ್ಷ ಬಾರ್ಟ್ಲೆಟ್ ಸೋತರು. ಗುಡ್ಡದ ರೈತರಿಗೂ ಉಪನಗರದ ಸರ್ಕಾರಿ ನೌಕರರಿಗೂ ಒಬ್ಬರೇ ಸಂಸದರು.

ನಾರ್ತ್ ಕೆರೊಲಿನಾ, ಮೇರಿಲ್ಯಾಂಡ್ ಎರಡರ ದೂರುಗಳೂ ಒಟ್ಟಿಗೆ ಸುಪ್ರೀಂ ಕೋರ್ಟ್ ಮುಂದೆ ಬಂದವು. ಒಬ್ಬ ತಜ್ಞ ಕಂಪ್ಯೂಟರಿನಿಂದ, ಪಕ್ಷದ ಮಾಹಿತಿಯನ್ನೇ ಕೊಡದೆ, ನಾರ್ತ್ ಕೆರೊಲಿನಾಕ್ಕೆ 3,000 ನಕ್ಷೆಗಳನ್ನು ತೆಗೆದಿದ್ದರು. ಆ ಮೂರು ಸಾವಿರದಲ್ಲಿ ಪ್ರತಿಯೊಂದರಲ್ಲೂ ಡೆಮಾಕ್ರಟರಿಗೆ ಇದ್ದದ್ದಕ್ಕಿಂತ ಕನಿಷ್ಠ ಒಂದು ಸ್ಥಾನ ಹೆಚ್ಚು ಬರುತ್ತಿತ್ತು. ಇಷ್ಟು ಗಟ್ಟಿ ಸಾಕ್ಷ್ಯ ಚುನಾವಣಾ ಮೊಕದ್ದಮೆಗಳಲ್ಲಿ ಸಿಗುವುದು ಅಪರೂಪ. ಆದರೂ 2019ರ ಜೂನ್ 27ರಂದು 5-4ರ ಬಹುಮತದಿಂದ ಬಂದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಪಕ್ಷಲಾಭದ ಗೆರೆಗಳು ಅನ್ಯಾಯವೆನಿಸಬಹುದು, ಆದರೆ ಅವನ್ನು ಅಳೆಯುವ ಮಾನದಂಡ ಫೆಡರಲ್ ನ್ಯಾಯಾಲಯಗಳ ಬಳಿ ಇಲ್ಲ ಎಂದು ಕೈತೊಳೆದುಕೊಂಡರು. ನ್ಯಾಯಮೂರ್ತಿ ಎಲೆನಾ ಕೇಗನ್ ಭಿನ್ನಮತದ ತೀರ್ಪು ಬರೆದರು. ನನಗೆ ಅವರ ವಾದವೇ ಸರಿ ಎನಿಸುತ್ತದೆ. ಎಷ್ಟು ಅತಿ ಎಂದು ಹೇಳಲು ಬಾರದಿದ್ದರೂ, ಮೂರು ಸಾವಿರದಲ್ಲಿ ಒಂದೂ ಹೋಲದ ನಕ್ಷೆ ಅತಿ ಎಂದು ಹೇಳಲು ಹೊಸ ಮಾನದಂಡ ಬೇಕೇ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಮತಕ್ಕೂ ಸ್ಥಾನಕ್ಕೂ ತಾಳೆಯಾಗದ ಕಡೆಯೆಲ್ಲ ಗೆರೆಯ ಮೋಸವಿದೆ ಎನ್ನಲಾಗದು. ನಮ್ಮ ಕರ್ನಾಟಕವೇ ಸಾಕ್ಷಿ. 2008ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 34.76% ಮತ, ಬಿಜೆಪಿಗೆ 33.86%. ಸ್ಥಾನ ಬಿಜೆಪಿಗೆ 110, ಕಾಂಗ್ರೆಸ್ಸಿಗೆ 80. 2018ರ ಮೇ ತಿಂಗಳಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಮತ್ತೆ ಅದೇ ಕಥೆ: ಸುಮಾರು 38% ಮತ ಪಡೆದ ಕಾಂಗ್ರೆಸ್ 78, ಸುಮಾರು 36% ಪಡೆದ ಬಿಜೆಪಿ 104. ಕಾರಣ ಭೂಗೋಳ. ಕಾಂಗ್ರೆಸ್ ಮತ ಬೀದರಿನಿಂದ ಚಾಮರಾಜನಗರದವರೆಗೆ ಹರಡಿಕೊಂಡಿತ್ತು. ಬಿಜೆಪಿಗೆ ಹಳೆ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಮತವೇ ಕಡಿಮೆ, ಹಾಗಾಗಿ ಅಲ್ಲಿ ವ್ಯರ್ಥವಾದದ್ದೂ ಕಡಿಮೆ. ಕರಾವಳಿಯಲ್ಲಿ, ಉತ್ತರದ ಜಿಲ್ಲೆಗಳಲ್ಲಿ ಬಿದ್ದ ಮತ ಗೆಲುವಾಗಿ ಬದಲಾಯಿತು. ಮೂರು ಪಕ್ಷಗಳ ಕಣದಲ್ಲಿ ಒಂದು ಮತ ಹೆಚ್ಚು ಬಂದವರೇ ಗೆಲ್ಲುವ ಪದ್ಧತಿಯ ಸಹಜ ಫಲ ಇದು.

ಅಮೆರಿಕದಲ್ಲೂ ಇಂಥ ಉದಾಹರಣೆಯಿದೆ, ಅದೂ ಗೆರಿ ಅವರ ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿ ರಿಪಬ್ಲಿಕನ್ ಬೆಂಬಲಿಗರು ಮೂರರಲ್ಲಿ ಒಂದು ಪಾಲಿನಷ್ಟಿದ್ದರೂ 1994ರ ಮೇಲೆ ಪ್ರತಿನಿಧಿ ಸಭೆಯ ಒಂದು ಸ್ಥಾನವನ್ನೂ ಗೆದ್ದಿಲ್ಲ. ಗಣಿತಜ್ಞೆ ಮೂನ್ ಡುಚಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿದರು: ಆ ಮತಗಳು ಎಲ್ಲೆಡೆ ಎಷ್ಟು ಸಮವಾಗಿ ಹರಡಿವೆಯೆಂದರೆ, ಕೆಲವು ಚುನಾವಣೆಗಳ ಅಂಕಿಅಂಶದ ಪ್ರಕಾರ, ಹೇಗೆ ಗೆರೆ ಎಳೆದರೂ ರಿಪಬ್ಲಿಕನ್ ಬಹುಮತದ ಒಂದು ಕ್ಷೇತ್ರವೂ ಹುಟ್ಟುವುದಿಲ್ಲ. ಹಾಗಾಗಿ ನೋಡಬೇಕಾದ್ದು ಎರಡನ್ನು: ಪೆನ್ಸಿಲ್ ಯಾರ ಕೈಯಲ್ಲಿತ್ತು, ಮತ್ತು ಅವರು ಬೇರೆ ಎಷ್ಟು ಬಗೆಯಲ್ಲಿ ಎಳೆಯಬಹುದಿತ್ತು.

ಪೆನ್ಸಿಲನ್ನು ಶಾಸಕರಿಂದ ಕಿತ್ತುಕೊಂಡ ರಾಜ್ಯಗಳೂ ಇವೆ. ಅಯೋವಾದಲ್ಲಿ 1980ರ ದಶಕದಿಂದ ಶಾಸಕಾಂಗದ ಪಕ್ಷಾತೀತ ಸಿಬ್ಬಂದಿ ಕರಡು ಮಾಡುತ್ತಾರೆ. ಅರಿಜೋನಾ, ಕ್ಯಾಲಿಫೋರ್ನಿಯಾ, ಮಿಶಿಗನ್‌ನಲ್ಲಿ ಜನರೇ ಮತ ಹಾಕಿ ಸ್ವತಂತ್ರ ಆಯೋಗ ತಂದರು. ಆದರೆ ಒಂದು ಪಕ್ಷ ಶಸ್ತ್ರ ಕೆಳಗಿಟ್ಟರೆ ಇನ್ನೊಂದು ಇಡಬೇಕಲ್ಲ? 2025ರಲ್ಲಿ ಟೆಕ್ಸಾಸ್ ಜನಗಣತಿಗೂ ಕಾಯದೆ, ನಡುದಶಕದಲ್ಲೇ, ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಸಿಗುವ ಗುರಿಯಿಟ್ಟು ನಕ್ಷೆ ಬದಲಿಸಿತು. ಕೋರಂ ಮುರಿಯಲು ಡೆಮಾಕ್ರಟಿಕ್ ಶಾಸಕರು ರಾಜ್ಯ ಬಿಟ್ಟು ಹೋದರು. ರೆಸಾರ್ಟ್ ರಾಜಕೀಯ ಕಂಡ ನಮಗೆ ಆ ಸುದ್ದಿ ಅಷ್ಟೇನೂ ಹೊಸದೆನಿಸಲಿಲ್ಲ. ಟೆಕ್ಸಾಸಿನ ನಕ್ಷೆಗೆ ಉತ್ತರವಾಗಿ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ತಮ್ಮದೇ ಆಯೋಗದ ನಕ್ಷೆಯನ್ನು 2030ರ ಚುನಾವಣೆಯವರೆಗೆ ಬದಿಗಿಟ್ಟು, ಡೆಮಾಕ್ರಟರಿಗೆ ಅನುಕೂಲವಾದ ನಕ್ಷೆಯನ್ನು ಒಪ್ಪಿದರು.

ನಮ್ಮಲ್ಲಿ ಲೋಕಸಭೆ, ವಿಧಾನಸಭೆಯ ಗೆರೆ ಎಳೆಯುವುದು ಪುನರ್‌ವಿಂಗಡಣೆ ಆಯೋಗ. ಹಿಂದಿನ ದೊಡ್ಡ ಆಯೋಗಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಸಂಸದರು, ಶಾಸಕರು ಅದರಲ್ಲಿ ಸಹಸದಸ್ಯರಾಗಿ ಕೂರಬಹುದು, ಮತ ಹಾಕುವಂತಿಲ್ಲ. ಹೊಸ ಗೆರೆಗಳ ಮೇಲೆ ಮೊದಲು ಚುನಾವಣೆ ಕಂಡ ರಾಜ್ಯ ಕರ್ನಾಟಕ, 2008ರ ಮೇನಲ್ಲಿ. ಕನಕಪುರ ಲೋಕಸಭಾ ಕ್ಷೇತ್ರ ಮಾಯವಾಗಿ ಬೆಂಗಳೂರು ಗ್ರಾಮಾಂತರ ಹುಟ್ಟಿತು. ಸಾತನೂರು ವಿಧಾನಸಭಾ ಕ್ಷೇತ್ರ ಅಳಿಸಿಹೋಗಿ ಡಿ.ಕೆ. ಶಿವಕುಮಾರ್ ಕನಕಪುರಕ್ಕೆ ಬಂದರು. ಗೊಣಗಾಟವಿತ್ತು, ಆದರೆ ನಾರ್ತ್ ಕೆರೊಲಿನಾದಂಥ ಆಪಾದನೆ ಬರಲಿಲ್ಲ.

ಹಾಗೆಂದು ಇಲ್ಲಿ ಎಲ್ಲವೂ ನಿರ್ಮಲ ಎನ್ನುವಂತಿಲ್ಲ. ಮುಸ್ಲಿಮರು ಹೆಚ್ಚಿರುವ ಕೆಲವು ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿ, ಪರಿಶಿಷ್ಟರು ಹೆಚ್ಚಿರುವ ಕ್ಷೇತ್ರಗಳು ಸಾಮಾನ್ಯವಾಗಿ ಉಳಿದಿವೆ ಎಂದು 2006ರ ಸಾಚಾರ್ ಸಮಿತಿ ವರದಿ ಬೊಟ್ಟು ಮಾಡಿತ್ತು. 2022ರಲ್ಲಿ ಜಮ್ಮು-ಕಾಶ್ಮೀರದ ಮರುವಿಂಗಡಣೆ ಜಮ್ಮುವಿಗೆ ಆರು, ಹೆಚ್ಚು ಜನರಿರುವ ಕಾಶ್ಮೀರಕ್ಕೆ ಒಂದು ವಿಧಾನಸಭಾ ಸ್ಥಾನ ಹೆಚ್ಚಿಸಿತು. ಪೀರ್ ಪಂಜಾಲ್ ಪರ್ವತದ ಎರಡೂ ಬದಿಯ ಪ್ರದೇಶಗಳನ್ನು ಸೇರಿಸಿ ಅನಂತನಾಗ್-ರಜೌರಿ ಎಂಬ ಲೋಕಸಭಾ ಕ್ಷೇತ್ರ ಮಾಡಲಾಯಿತು. ನಡುವಿನ ಮೊಘಲ್ ರಸ್ತೆ ಹಿಮ ಬಿದ್ದರೆ ಮುಚ್ಚುತ್ತದೆ. ಅಲ್ಲಿನ ಪಕ್ಷಗಳು ಇದನ್ನು ಗೆರಿಮ್ಯಾಂಡರಿಂಗ್ ಎಂದೇ ಕರೆದವು. 2026ರ ನಂತರದ ಜನಗಣತಿ ಆಧರಿಸಿ ಲೋಕಸಭಾ ಸ್ಥಾನಗಳನ್ನು ಮರುಹಂಚಿದರೆ ದಕ್ಷಿಣದ ಪಾಲು ಕುಗ್ಗೀತೆಂಬ ನಮ್ಮ ಆತಂಕ ಬೇರೆಯದು: ಅದು ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ಪ್ರಶ್ನೆ, ರಾಜ್ಯದೊಳಗಿನ ಗೆರೆಯದಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ವಾದ ಸೊರಗುತ್ತದೆ.

ಅಮೆರಿಕದ ರೋಗಕ್ಕೆ ನಮ್ಮಲ್ಲಿ ಹತ್ತಿರದ ಜಾಗವೆಂದರೆ ನಗರದ ವಾರ್ಡು. ಅದರ ಗೆರೆಯನ್ನು ರಾಜ್ಯ ಸರ್ಕಾರವೇ ಅಂತಿಮಗೊಳಿಸಿ ಅಧಿಸೂಚಿಸುತ್ತದೆ. ಆಳುವ ಪಕ್ಷಕ್ಕೂ ಗೆರೆಗೂ ನಡುವೆ ಅಂತರ ಕಡಿಮೆ. ಬೆಂಗಳೂರನ್ನೇ ನೋಡಿ. 198 ವಾರ್ಡುಗಳ ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2022ರಲ್ಲಿ ಬಿಜೆಪಿ ಸರ್ಕಾರ 243 ವಾರ್ಡು ಮಾಡಿದಾಗ ಕಾಂಗ್ರೆಸ್, ತನ್ನ ಶಾಸಕರಿರುವ ಕಡೆ ಅನ್ಯಾಯವಾಗಿದೆ ಎಂದು ಬೀದಿಗಿಳಿಯಿತು. 2023ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದು ಅದನ್ನು 225 ಮಾಡಿತು. ಆಗ ದೂರುವ ಸರದಿ ಬಿಜೆಪಿಯದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು, ವಾರ್ಡುಗಳ ಗೆರೆ ಮತ್ತೆ ಬದಲಾಯಿತು. ಅವಧಿ ಮುಗಿದು ಐದು ವರ್ಷ ತುಂಬಿದ ಆ ಹೊತ್ತಿನವರೆಗೆ ಈ ಯಾವ ಹೊಸ ಗೆರೆಯ ಮೇಲೂ ಒಂದು ಮತ ಬಿದ್ದಿರಲಿಲ್ಲ.